ಹಸಿರಿದೆ, ಬದುಕಿದೆ

ನಮ್ಮ ನಿಂಬೆ ಗಿಡ ಇವತ್ತು ಮತ್ತೆ ಎಲೆ ಉದುರಿಸಿದೆ. ಹಣ್ಣೆಲೆ ಉದುರಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವು ಚೆನ್ನಾಗಿದ್ದ ಹಸಿರೆಲೆಗಳು. ಗುಡಿಸುತ್ತಾ ಗುಡಿಸುತ್ತಾ ಸಿಟ್ಟು ನೆತ್ತಿಗೇರಿತು. ಈ ಗಿಡ ನೀರು ಕಡಿಮೆಯಾದರೂ ಎಲೆ ಉದುರಿಸುತ್ತದೆ, ಜಾಸ್ತಿಯಾದರೂ ಉದುರಿಸುತ್ತದೆ, ಕುಂಡದಿಂದ ನೆಲಕ್ಕೆ ಇಳಿಸಿದರೂ ಉದುರಿಸುತ್ತದೆ. ಮೂರು ತೊಂದರೆಗೂ ಒಂದೇ ಲಕ್ಷಣ ತೋರಿಸಿದರೆ ನಾನು ಏನಂತ ತಿಳಿದುಕೊಳ್ಳಲಿ?

ಅಲ್ಲೇ ನಾಲ್ಕು ಹೆಜ್ಜೆ ಆಚೆ ನುಗ್ಗೆ ಮರ ಇದೆ. ಅದನ್ನು ನಾವು ಬೆಳೆಸಿದೆವು ಅಂದರೆ ಸುಳ್ಳಾಗುತ್ತದೆ. ಯಾರೋ ಕೊಟ್ಟ ಒಂದು ಕೊಂಬೆಯನ್ನು ಕಾಂಪೌಂಡಿನ ಮೂಲೆಯಲ್ಲಿ ಊರಿದ್ದಷ್ಟೇ ನಮ್ಮ ಕೆಲಸ. ಮಿಕ್ಕಿದ್ದೆಲ್ಲ ಅದೇ ನೋಡಿಕೊಂಡಿತು. ನುಗ್ಗೆ ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ 3 ಮೀಟರ್ ಏರುವ ಮರ. ಬುಡದಲ್ಲಿ ನೀರು ನಿಲ್ಲದಿದ್ದರೆ ಸಾಕು, ಅದರ ಬೇಡಿಕೆ ಅಲ್ಲಿಗೆ ಮುಗಿಯಿತು.

ನಿಂಬೆಯ ಬೇಡಿಕೆ ಪಟ್ಟಿ ಕೇಳಿ. ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೇಕು. ಬೇರು ಒಣಗಬಾರದು, ಬುಡ ಒದ್ದೆಯಾಗಿರಬಾರದು. ಗೊಬ್ಬರ ಬೇಕು, ಆದರೆ ಕಾಂಡಕ್ಕೆ ತಾಗಬಾರದು. ತಾಗಿ ತೇವ ನಿಂತರೆ ತೊಗಟೆ ಕೊಳೆತು ಅಂಟು ಸೋರುತ್ತದೆ. ಕಳೆ ಇದ್ದರೆ ಆಗಲ್ಲ, ಹಾಗಂತ ಬುಡ ಅಗೆಯುವ ಹಾಗೂ ಇಲ್ಲ. ಆಹಾರ ಹೀರುವ ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ. ಹೀಗಾಗಿ ನಾನು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹುಲ್ಲು ಕೀಳುತ್ತೇನೆ. ಅಷ್ಟು ಹತ್ತಿರ ಹೋದವರಿಗೆ ಬಹುಮಾನವಾಗಿ ಮುಳ್ಳು ಚುಚ್ಚುತ್ತದೆ. ಕಸಿ ಗಿಡ, ಎರಡು ಮೂರು ವರ್ಷಕ್ಕೆ ಕಾಯಿ ಬಿಡುತ್ತೆ ಅಂದಿದ್ದರು. ಯಾವ ಎರಡು ಮೂರು ವರ್ಷ ಅಂತ ಕೇಳಿಟ್ಟುಕೊಳ್ಳಬೇಕಿತ್ತು.

ಹುಳದ ವಿಷಯದಲ್ಲೂ ನಿಂಬೆಗೆ ಬೇರೆಯದೇ ಠೀವಿ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ಸುಮ್ನೆ ಬಿಟ್ಟರೆ, ಮರುದಿನ ಹಿಕ್ಕೆ ಅರ್ಧ ಎಲೆ ತಿಂದಿರುತ್ತದೆ. ಅದು ಚಿಟ್ಟೆಯ ಮರಿಹುಳ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕೋಡು ಹೊರಗೆ ಹಾಕಿ ನಾತ ಬಿಡುತ್ತದೆ. ನಮ್ಮದೇ ಗಿಡ ತಿಂದು ನಮಗೇ ಕೋಡು ತೋರಿಸುವುದು!

ನುಗ್ಗೆ ಏನೂ ಸಾಚಾ ಅಲ್ಲ. ಮಳೆಗಾಲದಲ್ಲಿ ಕಾಂಡದ ತುಂಬ ಕಂಬಳಿಹುಳ ಗುಂಪು ಕಟ್ಟಿಕೊಂಡು ಕೂರುತ್ತವೆ, ನೋಡಿದರೇ ಮೈ ತುರಿಸುತ್ತದೆ. ಅದರ ಕೊಂಬೆಗೆ ಗಟ್ಟಿತನ ಅನ್ನುವುದೇ ಇಲ್ಲ. ಜೋರು ಗಾಳಿ ಬಂದರೆ ಒಣಗಲು ಹಾಕಿದ ಬಟ್ಟೆಯ ಮೇಲೇ ಮುರಿದು ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪರಾಧ ಅಂದರೆ ನಿಂಬೆಗೆ ಬೇಕಾದ ಬಿಸಿಲಿಗೆ ಅದೇ ಅಡ್ಡ. ನಿಂಬೆಗೆ ಅಂತ ಹಾಕಿದ ಗೊಬ್ಬರ ಯಾರ ಹೊಟ್ಟೆ ಸೇರುತ್ತಿದೆ ಅನ್ನುವುದೂ ನುಗ್ಗೆಯ ಎತ್ತರ ನೋಡಿದರೆ ಗೊತ್ತಾಗುತ್ತದೆ. ಸಿಟ್ಟು ಬಂದು ಒಮ್ಮೆ ಸೊಂಟದ ಮಟ್ಟಕ್ಕೆ ಕಡಿಸಿದೆ. ಹಾಗೆ ಕಡಿದರೇ ನುಗ್ಗೆಗೆ ಒಳ್ಳೆಯದಂತೆ. ಮೊದಲಿಗಿಂತ ಪೊದೆಯಾಗಿ ಚಿಗುರಿತು.

ಇನ್ನು ಮಾವನವರ ವಿಷಯ. ನಮ್ಮ ಮಾವ ರಿಟೈರ್ ಆದ ಮೇಲೆ ನಿಂಬೆಯ ಉಸ್ತುವಾರಿ ತಾವೇ ವಹಿಸಿಕೊಂಡಿದ್ದಾರೆ. ಗಿಡದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಹಸಿರಿದ್ದರೆ ಜೀವ ಇದೆ, ಕಂದು ಬಣ್ಣ ಬಂದು ಒಣಗಿದ್ದರೆ ಆ ಭಾಗ ಸತ್ತಿದೆ ಅಂತ ಅರ್ಥ. ಇದು ನಿಜವಾದ ಪರೀಕ್ಷೆಯೇ. ಅನುಮಾನ ಬಂದಾಗ ಒಮ್ಮೆ, ಯಾವುದೋ ಸಣ್ಣ ರೆಂಬೆಯ ಮೇಲೆ ಮಾಡಬೇಕಾದದ್ದು. ಮಾವ ದಿನಾ ಬೆಳಗ್ಗೆ ಮಾಡುತ್ತಾರೆ. ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ನಾಡಿ ನೋಡುವ ವೈದ್ಯರ ಹಾಗೆ ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳಿನ ಉಗುರಲ್ಲಿ ಗರಕ್ ಅಂತ ಒಂದು ಗೀರು. ಆಮೇಲೆ ಮನೆಯೊಳಕ್ಕೆ ಕೇಳುವ ಹಾಗೆ ಘೋಷಣೆ: "ನೋಡಮ್ಮ, ಹಸಿರಿದೆ. ಬದುಕಿದೆ!"

"ದಿನಾ ಕೆರೆದರೆ ಗಾಯ ಆಗಲ್ವಾ ಮಾವ? ಅಲ್ಲಿಂದಾನೇ ರೋಗ ಒಳಗೆ ಹೋಗುತ್ತೆ" ಅಂದೆ.

"ಅದಕ್ಕೇ ದಿನಾ ಬೇರೆ ಬೇರೆ ಜಾಗದಲ್ಲಿ ಕೆರೀತೀನಿ" ಅಂದರು.

ಈಗ ಕಾಂಡದ ಮೇಲೆ ಗೀರಿಲ್ಲದ ಜಾಗ ಹುಡುಕಬೇಕು. ನಾನು ಹೂ ಬರಲಿ ಅಂತ ಕೆಲವು ದಿನ ನೀರು ತಡೆದು ಬುಡ ಒಣಗಿಸಿದರೆ, ಇವರು ಸಂಜೆ ಗುಟ್ಟಾಗಿ ಒಂದು ಚೊಂಬು ಹೊಯ್ದು ಬರುತ್ತಾರೆ. "ಬಾಯಾರಿತ್ತು ಪಾಪ" ಅನ್ನುವುದು ಅವರ ಸಮಜಾಯಿಷಿ.

ಹೋದ ವಾರದ ಕಥೆ ಇನ್ನೂ ಚೆನ್ನಾಗಿದೆ. ಬೆಳಗ್ಗೆ ಎಂದಿಗಿಂತ ಜೋರಾಗಿ ಕೂಗಿದರು. "ಚಿಗುರಿದೆ! ಎಲ್ಲರೂ ಬನ್ನಿ, ನಿಂಬೆ ಚಿಗುರಿದೆ!" ನಾನು ಒದ್ದೆ ಕೈಯಲ್ಲೇ ಓಡಿದೆ. ನಮ್ಮ ಯಜಮಾನರು ಅರ್ಧ ಹಲ್ಲುಜ್ಜಿದ ಬಾಯಲ್ಲೇ ಬಂದರು. ಹೌದು, ಎಳೇ ಹಸಿರು ಮೊಗ್ಗುಗಳು ಸಾಲಾಗಿ ಒಡೆದಿದ್ದವು. ಒಂದೆರಡು ಆಗಲೇ ಎಲೆ ಬಿಚ್ಚಿಕೊಂಡಿದ್ದವು. ಪುಟ್ಟ ಪುಟ್ಟ ಗುಂಡನೆಯ ಎಲೆಗಳು, ಒಂದು ಕಡ್ಡಿಗೆ ಹತ್ತಾರು. ನಿಂಬೆ ಎಲೆ ಯಾವಾಗ ಹೀಗಾಯಿತು ಅಂತ ಬಗ್ಗಿ ನೋಡಿದೆ. ಚಿಗುರಿದ್ದು ನಿಂಬೆಯಲ್ಲ, ಅದಕ್ಕೆ ಆಸರೆಯಾಗಿ ಕಟ್ಟಿದ್ದ ಗೂಟ. ಕಡಿದು ಹಾಕಿದ್ದ ನುಗ್ಗೆ ಕೊಂಬೆಯನ್ನೇ ಮಾವ ಗೂಟ ಮಾಡಿ ನೆಟ್ಟಿದ್ದರು. ಎಷ್ಟು ದಿನದಿಂದ ಆ ಗೂಟವನ್ನೇ ಕೆರೆದು "ಹಸಿರಿದೆ" ಅಂತ ವರದಿ ಕೊಡುತ್ತಿದ್ದರೋ ದೇವರೇ ಬಲ್ಲ.

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಹೆಬ್ಬೆರಳು ಒರೆಸಿಕೊಂಡು ಒಳಗೆ ಹೋದರು. ಅವರ ಹಿಂದೆಯೇ ಹೋಗಿ, "ಮಾತ್ರೆ ತಗೊಂಡ್ರಾ ಮಾವ? ರಾತ್ರಿ ನಿದ್ದೆ ಬಂತಾ? ಕಾಲು ಊತ ಇಳೀತಾ?" ಅಂತ ಎಂದಿನಂತೆ ಕೇಳಿದೆ. ಅವರೂ ಎಂದಿನಂತೆ "ಇದೀನಮ್ಮ, ಇದೀನಿ" ಅಂದರು. ಬೆಳಗಾದರೆ ನಾವೂ ಅವರನ್ನು ಹೀಗೇ ಉಗುರಲ್ಲಿ ಕೆರೆದು ನೋಡುತ್ತೇವೇನೋ ಅನಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಸರಿ, ಗೂಟಕ್ಕೇನು ಮಾಡುವುದು? ಕಿತ್ತರೆ ನಿಂಬೆಯ ಬೇರಿಗೆ ಪೆಟ್ಟು. ನೆಲಮಟ್ಟಕ್ಕೆ ಕಡಿದರೆ ಪೊದೆಯಾಗಿ ಏಳುತ್ತದೆ. ಬಂದ ಚಿಗುರನ್ನೆಲ್ಲ ಕೈಯಲ್ಲೇ ಸವರಿ ಹಾಕೋಣ ಅಂದೆ. ಮಾವನಿಗೆ ಮನಸ್ಸಿಲ್ಲ. ಅಷ್ಟು ಉತ್ಸಾಹದಿಂದ ಬೆಳೆಯುತ್ತಿರುವುದನ್ನು ಸವರುವುದು ಹೇಗೆ ಅಂತ ಅವರ ವಾದ. ನಿಂಬೆಯನ್ನು ಬಿಟ್ಟು ಈಗ ಗೂಟಕ್ಕೇ ಚೊಂಬಿನ ನೀರು ಹೋಗುತ್ತಿದೆ. ನಿನ್ನೆ ಸಂಜೆ ಗಾಳಿ ಬೀಸಿದಾಗ ಅದು ತೂಗಾಡುವುದನ್ನು ನೋಡಿ ಕಳವಳಪಟ್ಟರು.

"ನುಗ್ಗೆ ಬೇಗ ಮುರಿಯುತ್ತೆ ಕಣಮ್ಮ. ಇದಕ್ಕೂ ಒಂದು ಆಸರೆ ಕೊಡೋಣ ಅಲ್ವಾ?" ಅಂದವರೇ, ಕೋಲು ಕಡಿಯೋಕೆ ಕತ್ತಿ ಹಿಡಿದು ನುಗ್ಗೆ ಮರದ ಕಡೆಗೇ ಹೊರಟರು.