ಬಚ್ಚಲಿಗೊಂದು ಚಿಲಕ

"ಸ್ನಾನಕ್ಕೂ ಮಾತ್ರೆ ಬೇಕಾ ಮಾರಾಯ್ತಿ ನಿಂಗೆ?" ಅಂದರು ಅತ್ತಿಗೆ. ತೀರ್ಥಹಳ್ಳಿಯಿಂದ ಫೋನು. ನೆಗಡಿಯಾಗಿತ್ತು, ಶವರ್ ಸ್ಟೀಮರ್ ಅಂತ, ನೀರು ತಾಗಿದರೆ ಘಮ ಬಿಡುವ ಬಿಲ್ಲೆ, ಅದನ್ನು ಇಟ್ಟುಕೊಂಡು ಸ್ನಾನ ಮಾಡಿದೆ, ತಲೆ ಹಗುರಾಯ್ತು ಅಂತ ಹೇಳಿದ್ದೆ ಅಷ್ಟೇ. ಆ ಮಾತು ಎರಡು ದಿನ ಚುಚ್ಚುತ್ತಲೇ ಇತ್ತು.

ನಾನು ಪುಣೆಯ ಕೋಥ್ರೂಡಿಗೆ ಬಂದು 11 ವರ್ಷವಾಯಿತು. ಎದುರು ಮನೆಯ ಕಾಕು, ಅಂದರೆ ಚಿಕ್ಕಮ್ಮ, ಪ್ರತಿ ದೀಪಾವಳಿಗೆ ಪಹಿಲೀ ಆಂಘೋಳಿಗೆ (ಹಬ್ಬದ ಮೊದಲ ಸ್ನಾನಕ್ಕೆ) ಅಂತ ಉಟಣೆಯ, ಮೈಗೆ ಹಚ್ಚುವ ಪರಿಮಳದ ಪುಡಿಯ, ಪೊಟ್ಟಣ ಕೊಡುತ್ತಾರೆ. ಕಳೆದ ಸಲ ಜೊತೆಗೊಂದು ಪುಟ್ಟ ಡಬ್ಬಿಯೂ ಬಂತು. ಒಳಗೆ ಪೇಡೆಯಷ್ಟು ದಪ್ಪದ ನಾಲ್ಕು ಬಿಳಿ ಬಿಲ್ಲೆ, ಅವರ ಮಗಳು ಮನೆಯಲ್ಲೇ ಮಾಡಿದ್ದು. ಅಡುಗೆ ಸೋಡಾ, ಸಿಟ್ರಿಕ್ ಆಸಿಡ್, ನೀಲಗಿರಿ ಎಣ್ಣೆ, ಚೂರು ಮೆಂಥಾಲ್ ಹರಳು. "ನೀರು ನೇರ ಬೀಳುವಲ್ಲಿ ಬೇಡ, ಮೂಲೆಯಲ್ಲಿಡು" ಅಂದರು.

ಡಿಸೆಂಬರಿನಲ್ಲಿ ಮೂಗು ಕಟ್ಟಿದ ದಿನ ಡಬ್ಬಿ ತೆಗೆದೆ. ಹನಿ ಸಿಡಿದಾಗಲೆಲ್ಲ ಬಿಲ್ಲೆ ಬುಸ್ ಅಂತ ನೊರೆ ಬಿಡುತ್ತಿತ್ತು. ಸೋಡಾಕ್ಕೂ ಆಸಿಡ್‌ಗೂ ನೀರು ತಾಗಿದರೆ ಗುಳ್ಳೆ ಏಳುತ್ತದೆ, ಎಣ್ಣೆಯ ಘಮ ಹಬೆಯಲ್ಲಿ ಸೇರಿ ಮೇಲೆ ಬರುತ್ತದೆ. ನಮ್ಮದು ಆರಡಿ ಉದ್ದ, ನಾಲ್ಕಡಿ ಅಗಲದ ಬಾತ್‌ರೂಮು. ಘಮ ತುಂಬಲು ಎಷ್ಟು ಹೊತ್ತು! ಅಂಚಿನಿಂದ ಸವೆಯುತ್ತಾ ಬಂದ ಬಿಲ್ಲೆ ಕೊನೆಗೆ ಹುಣಸೆ ಬೀಜದಷ್ಟಾಗಿ ಮೋರಿಗೆ ಜಾರಿತು. ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ನೆ ನಿಂತಿದ್ದೆ. ಹತ್ತು ನಿಮಿಷ ಇರಬಹುದು. ಯಾರೂ ಕರೆಯಲಿಲ್ಲ.

ಊರಿನ ಬಚ್ಚಲು ಅಂದರೆ ಎಲ್ಲರೂ ಹಂಡೆ, ಅಡಿಕೆ ಸಿಪ್ಪೆಯ ಉರಿ, ಹೊಗೆಯ ಪರಿಮಳ ಅಂತ ಕರಗುತ್ತಾರೆ. ನನಗೆ ಮೊದಲು ನೆನಪಾಗುವುದು ಸರದಿ. ಅಜ್ಜ, ಅಪ್ಪ, ಅಣ್ಣ, ಮನೆಗೆ ಬಂದ ನೆಂಟರು, ಶಾಲೆಗೆ ಓಡುವ ನಾವು. ಕೊಟ್ಟಿಗೆ ಕೆಲಸ ಮುಗಿಸಿ ಅಮ್ಮ ಬರುವಾಗ ಹಂಡೆಯ ತಳದಲ್ಲಿ ಎಷ್ಟು ಉಳಿದಿದೆಯೋ ಅಷ್ಟು. ನಾಲ್ಕು ಚೊಂಬು ಸುರಿದುಕೊಂಡು ಒದ್ದೆ ತಲೆಯಲ್ಲೇ ಅಡುಗೆಮನೆಗೆ ಓಡುತ್ತಿದ್ದಳು. ಬಾಗಿಲಿಗೆ ಚಿಲಕವೇ ಇರಲಿಲ್ಲ. ಒಳಗಿದ್ದವರು ಕೆಮ್ಮಬೇಕು, ಹೊರಗಿದ್ದವರು ಕೂಗಬೇಕು. "ಆಯ್ತಾ? ಹಾಲು ಉಕ್ತಾ ಇದೆ!" ಅಷ್ಟು ದೊಡ್ಡ ಮನೆ, ಅಷ್ಟು ಸೌದೆ, ಅಷ್ಟು ನೀರು. ಅಮ್ಮ ಒಂದು ದಿನವಾದರೂ ಹಬೆಯಲ್ಲಿ ಸುಮ್ನೆ ನಿಂತದ್ದು ನಾನು ನೋಡಿಲ್ಲ. ಮಾತ್ರೆ ಬೇಕಾ ಅಂದರೆ, ಹೌದು ಅತ್ತಿಗೆ, ಬೇಕು.

ಬಳಸುವವರಿಗೆ ಎರಡು ಮಾತು. ಬಕೆಟ್ಟಿಗೆ ಮಾತ್ರ ಹಾಕಬೇಡಿ. ನನ್ನ ಮಗ ಹಾಕಿ, ಮೆಂಥಾಲ್ ನೀರು ಕಣ್ಣಿಗೆ ಹೋಗಿ ಗೋಳಾಡಿದ. ಎಳೆ ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ. ನೆಲ ಜಾರುತ್ತದೆ. ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದ್ದರೆ ಘಮ ಹೊರಗೆ ಹೋಗುತ್ತದೆ ಅಂತ ಕಿಟಕಿ ಮುಚ್ಚಲೇಬೇಡಿ, ಗೀಸರಿನ ವಿಷಗಾಳಿಗೆ ವಾಸನೆಯೇ ಇಲ್ಲ, ಜೀವ ಹೋಗುತ್ತದೆ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿ ಬೇಕು. ಜುಲೈನ ತೇವಕ್ಕೆ ನನ್ನದೊಂದು ತಾನೇ ಉಬ್ಬಿ ಪುಡಿಯಾಯಿತು.

ಇನ್ನೊಂದು ಮಾತನ್ನೂ ಒಪ್ಪಬೇಕು. ಮೆಂಥಾಲ್ ಮೂಗಿಗೆ ತಂಪು ಅನ್ನಿಸುತ್ತದೆ, ಉಸಿರು ಸಲೀಸಾದ ಹಾಗೆ ಆಗುತ್ತದೆ. ಒಳಗಿನ ಊತ ಅದರಿಂದ ಇಳಿಯುವುದಿಲ್ಲ. ನೆಗಡಿ ಅದರ ದಿನ ಮುಗಿಸಿಯೇ ಹೋಗುತ್ತದೆ.

ಮತ್ತೆ, ನೊಂದ ಬೆನ್ನಿಗೆ ಈ ಬಿಲ್ಲೆ ಏನೂ ಮಾಡುವುದಿಲ್ಲ. ಮಗ ಹುಟ್ಟಿದಾಗ ಊರಲ್ಲಿದ್ದೆ. ಲಕ್ಕಿ ಸೊಪ್ಪು ಕುದಿಸಿದ ನೀರನ್ನು ಹಂಡೆಯಿಂದ ಮೊಗೆದು ಮೊಗೆದು ಬೆನ್ನಿಗೆ, ಸೊಂಟಕ್ಕೆ ಬಡಿಯುವ ಹಾಗೆ ಸುರಿದವರು ಇದೇ ಅತ್ತಿಗೆ. ಹೊಗೆಗೆ ಅವರ ಕಣ್ಣು ಕೆಂಪಾಗುತ್ತಿತ್ತು, ಸೀರೆಯೆಲ್ಲ ಒದ್ದೆ. 40 ದಿನ ಒಂದೂ ತಪ್ಪಿಸಲಿಲ್ಲ. ಅವರ ಸ್ನಾನ ಯಾವಾಗ ಆಗುತ್ತಿತ್ತೋ, ನಾನು ಕೇಳಿರಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಎರಡು ಬಿಲ್ಲೆ ಒಯ್ಯುತ್ತೇನೆ. ಅಲ್ಲಿ ಶವರ್ ಇಲ್ಲ. ಹಂಡೆ ಪಕ್ಕದ ಕಲ್ಲಿನ ಮೇಲಿಟ್ಟು ಮೇಲೊಂದಿಷ್ಟು ಬಿಸಿನೀರು ಚಿಮುಕಿಸಿದರೂ ಆಯಿತು. ಬಚ್ಚಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸು ಅಂತ ಅಣ್ಣನಿಗೆ ಈಗಲೇ ಹೇಳಿದ್ದೇನೆ.