ಆಶೀರ್ವಾದ ತರಲು ಊರಿಗೇ ಹೋಗಬೇಕಾ?

ನಮ್ಮ ಹೊರನಾಡ ಕನ್ನಡಿಗರ ಮನೆಗಳಲ್ಲಿ ಒಂದು ವಿಚಿತ್ರ ಇದೆ. ಆಶೀರ್ವಾದ ಎಂದರೆ ಊರಿಗೆ ಹೋಗಿ ತೆಗೆದುಕೊಂಡು ಬರುವಂಥದ್ದು ಎಂದೇ ನಾವು ತಿಳಿದಿದ್ದೇವೆ. ಮೇ ತಿಂಗಳಲ್ಲಿ ರಜೆ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅಜ್ಜ ಅಜ್ಜಿ ಕೂತಲ್ಲಿ ನಿಲ್ಲಿಸಿ "ಕಾಲಿಗೆ ಬೀಳು" ಅನ್ನುತ್ತೇವೆ, ಅವರು "ಚೆನ್ನಾಗಿ ಓದಪ್ಪ, ಚೆನ್ನಾಗಿರು" ಎಂದು ಕೈಗೊಂದು ನೋಟು ಇಡುತ್ತಾರೆ, ಅಲ್ಲಿಗೆ ಆ ವರ್ಷದ್ದು ಮುಗಿಯಿತು. ಉಳಿದ ದಿನಗಳಲ್ಲಿ ಅಪ್ಪ ಅಮ್ಮನ ಬಾಯಲ್ಲಿ ಬರುವುದು "ಹೋಂವರ್ಕ್ ಆಯ್ತಾ", "ಮೊಬೈಲ್ ಇಡು" ಇಷ್ಟೇ. ನಾವೇ ಹೆತ್ತ ಮಕ್ಕಳನ್ನು ನಾವೇ ಹರಸಬಹುದು ಅನ್ನುವುದು ಹುಟ್ಟುಹಬ್ಬ ಬಿಟ್ಟರೆ ನೆನಪಿಗೇ ಬರುವುದಿಲ್ಲ. ಅದಕ್ಕೆ ಕೂದಲು ಬೆಳ್ಳಗಾಗಿರಬೇಕು ಎಂದು ಯಾರು ಹೇಳಿದರೋ!

ನಾನಿರುವುದು ಠಾಣೆಯಲ್ಲಿ. ಇಲ್ಲಿ 1879ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರ ಇದೆ, ಬೆನೆ ಇಸ್ರೇಲ್ ಸಮುದಾಯದ ಯೆಹೂದಿಗಳಿದ್ದಾರೆ. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರಿನವರು "ಶನಿವಾರ ತೇಲಿ", ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಮನೆಮಾತು ಮರಾಠಿ. ಶುಭಕಾರ್ಯಕ್ಕೆ ಎಲೀಯ ಪ್ರವಾದಿಯ ಹೆಸರಿನಲ್ಲಿ ಮಲಿದಾ ಮಾಡುತ್ತಾರೆ, ಅಂದರೆ ಸಿಹಿ ಅವಲಕ್ಕಿ, ತೆಂಗಿನ ತುರಿ, ಹಣ್ಣು. ಅದನ್ನು ತಿಂದ ಯಾವ ಕನ್ನಡಿಗನಿಗೂ ಇವರು ಬೇರೆಯವರು ಅನ್ನಿಸುವುದಿಲ್ಲ ಬಿಡಿ.

ಆದರೆ ಯೆಹೂದಿ ಮನೆಗಳಲ್ಲಿ ಶುಕ್ರವಾರ ಸಂಜೆ ನಡೆಯುವ ಒಂದು ಪದ್ಧತಿ ನಮ್ಮಲ್ಲಿಲ್ಲ. ಸಬ್ಬತ್ತಿನ, ಅಂದರೆ ಅವರ ವಾರದ ವಿಶ್ರಾಂತಿ ದಿನದ ದೀಪ ಹಚ್ಚಿಯಾದ ಮೇಲೆ, ಊಟಕ್ಕೆ ಮೊದಲು, ಅಪ್ಪ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಎಷ್ಟೋ ಮನೆಗಳಲ್ಲಿ ಅಮ್ಮನೂ ಹರಸುತ್ತಾಳೆ. ಗಂಡುಮಕ್ಕಳಿಗೆ "ದೇವರು ನಿನ್ನನ್ನು ಎಫ್ರಾಯೀಮನ ಹಾಗೆ, ಮನಸ್ಸೆಯ ಹಾಗೆ ಮಾಡಲಿ" ಎಂದು. ಹೆಣ್ಣುಮಕ್ಕಳಿಗೆ ಸಾರಾ, ರೆಬೆಕ್ಕ, ರಾಹೇಲ, ಲೇಯಾ ಅವರ ಹೆಸರು ಹೇಳುತ್ತಾರೆ. ಆಮೇಲೆ ಬೈಬಲಿನ ಅರಣ್ಯಕಾಂಡದ (ರಾಮಾಯಣದ್ದಲ್ಲ) 6ನೇ ಅಧ್ಯಾಯದ ಮೂರು ಸಾಲು, ಹೀಬ್ರೂವಿನಲ್ಲಿ ಬರೀ 15 ಪದ: ದೇವರು ನಿನ್ನನ್ನು ಹರಸಿ ಕಾಪಾಡಲಿ, ತನ್ನ ಮುಖದ ಬೆಳಕು ನಿನ್ನ ಮೇಲೆ ಬೀಳಲಿ, ನಿನಗೆ ಶಾಂತಿ ಕೊಡಲಿ, ಹೀಗೆ. ಈ ಸಾಲುಗಳು ಎಷ್ಟು ಹಳೆಯವು ಗೊತ್ತಾ? 1979ರಲ್ಲಿ ಜೆರುಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ ಒಂದು ಸಮಾಧಿಗುಹೆಯಲ್ಲಿ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡು ಸಿಕ್ಕವು. ಸುಮಾರು 2600 ವರ್ಷ ಹಳೆಯವು. ಬಿಡಿಸಿ ನೋಡಿದರೆ ಒಳಗೆ ಇದೇ ಹರಕೆಯ ಮಾತು ಕೊರೆದಿತ್ತು. ನಮ್ಮಲ್ಲಿ ಮಗುವಿನ ಕೊರಳಿಗೆ ತಾಯಿತ ಕಟ್ಟುವುದಿಲ್ಲವಾ, ಅಂಥದ್ದೇ.

ಸರಿ, ಅಷ್ಟೊಂದು ದೊಡ್ಡ ಹೆಸರುಗಳಿರುವಾಗ, ಅಬ್ರಹಾಮ, ಮೋಶೆ, ದಾವೀದ ಇವರನ್ನೆಲ್ಲ ಬಿಟ್ಟು, ಯಾರಿಗೂ ಅಷ್ಟಾಗಿ ಗೊತ್ತಿರದ ಎಫ್ರಾಯೀಮ್ ಮತ್ತು ಮನಸ್ಸೆಯ ಹೆಸರು ಯಾಕೆ?

ಅವರಿಬ್ಬರೂ ಯಾಕೋಬನ ಮೊಮ್ಮಕ್ಕಳು. ಉತ್ತರಕ್ಕೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಯಾಕೋಬನ ಅಪ್ಪ ಇಸಾಕನ ಕಾಲಕ್ಕೆ ಹೋಗಬೇಕು. ಇಸಾಕನಿಗೆ ವಯಸ್ಸಾಗಿ ಕಣ್ಣು ಕಾಣುತ್ತಿರಲಿಲ್ಲ. ಹಿರಿಮಗ ಏಸಾವನನ್ನು ಕರೆದು, ಬೇಟೆಯಾಡಿ ರುಚಿಯಾಗಿ ಅಡುಗೆ ಮಾಡಿಕೊಂಡು ಬಾ, ಉಂಡು ಆಶೀರ್ವಾದ ಮಾಡುತ್ತೇನೆ ಎಂದ. ರೆಬೆಕ್ಕ ಇದನ್ನು ಕೇಳಿಸಿಕೊಂಡಳು. ಏಸಾವನ ಮೈತುಂಬ ಕೂದಲು, ಅದಕ್ಕೆ ಕಿರಿಮಗ ಯಾಕೋಬನ ಕೈಗೆ, ಕುತ್ತಿಗೆಗೆ ಆಡಿನ ಚರ್ಮ ಸುತ್ತಿ, ಅಣ್ಣನ ಬಟ್ಟೆ ತೊಡಿಸಿ ಕಳಿಸಿದಳು. ಮುದುಕ ಮುಟ್ಟಿ ನೋಡಿದ. ದನಿ ಯಾಕೋಬನದು, ಕೈ ಏಸಾವನದು ಅಂದ. ಆದರೂ ಹರಸಿಬಿಟ್ಟ. ಏಸಾವ ಬಂದು "ಅಪ್ಪಾ, ನಿನ್ನ ಹತ್ತಿರ ಇದ್ದದ್ದು ಒಂದೇ ಆಶೀರ್ವಾದವಾ? ನನ್ನನ್ನೂ ಹರಸು" ಎಂದು ಗಟ್ಟಿಯಾಗಿ ಅತ್ತ. ಅಷ್ಟು ದೊಡ್ಡ ಗಂಡಸು. ಕೊಲೆಯಾದೀತೆಂದು ಹೆದರಿ ರೆಬೆಕ್ಕ ಯಾಕೋಬನನ್ನು ತನ್ನ ಅಣ್ಣನ ಮನೆಗೆ ಕಳಿಸಿದಳು, ಸ್ವಲ್ಪ ದಿನ ಇದ್ದು ಬಾ ಅಂತ. ಅವನು ಅಲ್ಲಿ 20 ವರ್ಷ ಇದ್ದ. ತಾಯಿ ಮಗ ಮತ್ತೆ ಭೇಟಿಯಾದ ಮಾತು ಕತೆಯಲ್ಲಿ ಎಲ್ಲೂ ಬರುವುದಿಲ್ಲ.

ಧರ್ಮಗ್ರಂಥ ಅಂದಮೇಲೆ ಇಂಥ ಮನೆಜಗಳವನ್ನು ಮುಚ್ಚಿಡಬಹುದಿತ್ತು, ಮುಚ್ಚಿಟ್ಟಿಲ್ಲ. ಅದು ನನಗೆ ತುಂಬಾ ಹಿಡಿಸಿದ ವಿಷಯ. ಓದುವಾಗ ನನಗೆ ಯಾಕೋಬನ ಮೋಸಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಇಸಾಕನ ಮೇಲೆ. ಕಣ್ಣು ಹೋಗುವ ತನಕ ಯಾಕೆ ಕಾದ? ಇಬ್ಬರು ಮಕ್ಕಳಿಗೆ ಒಂದೇ ಆಶೀರ್ವಾದ, ಅದೂ ಒಂದೇ ಸಲ, ಬಾಗಿಲು ಮುಚ್ಚಿ ಒಬ್ಬನಿಗೆ. ಆಸ್ತಿಪತ್ರದ ಹಾಗೆ ಮಾಡಿಟ್ಟರೆ ಮಕ್ಕಳು ಆಸ್ತಿಗೆ ಜಗಳವಾಡಿದ ಹಾಗೆಯೇ ಜಗಳವಾಡುತ್ತಾರೆ.

ಅದೇ ಯಾಕೋಬ ಮುಂದೆ ಈಜಿಪ್ಟಿನಲ್ಲಿ ಮುದುಕನಾಗಿ ಮಲಗಿದ್ದಾನೆ. ಅವನಿಗೂ ಕಣ್ಣು ಮಂಜು. ಮಗ ಯೋಸೇಫ ತನ್ನ ಇಬ್ಬರು ಗಂಡುಮಕ್ಕಳನ್ನು, ಹಿರಿಯ ಮನಸ್ಸೆ ಮತ್ತು ಕಿರಿಯ ಎಫ್ರಾಯೀಮನನ್ನು ಕರೆತಂದಾಗ ತಾತ ಕೇಳುವ ಮೊದಲ ಪ್ರಶ್ನೆ "ಇವರು ಯಾರು?" ಅಂತ! ಅಲ್ಲಿಗೆ ಅವನು ಬಂದು 17 ವರ್ಷ ಆಗಿತ್ತು. ಮೊಮ್ಮಕ್ಕಳೋ ಈಜಿಪ್ಟಿನಲ್ಲೇ ಹುಟ್ಟಿದವರು. ತಾಯಿ ಆಸನತ್, ಓನ್ ಪಟ್ಟಣದ ಪೂಜಾರಿಯ ಮಗಳು. ಹಿರಿಯವನು ಹುಟ್ಟಿದಾಗ ಯೋಸೇಫ "ದೇವರು ನನ್ನ ತಂದೆಯ ಮನೆಯನ್ನೇ ಮರೆಯಿಸಿದ" ಅಂದಿದ್ದ. ಅಂದರೆ ಪಕ್ಕಾ ಹೊರನಾಡ ಮಕ್ಕಳು, ನಮ್ಮ ಮಕ್ಕಳ ಥರ. ಊರಿಗೆ ಹೋದಾಗ ದೊಡ್ಡಪ್ಪ ಚಿಕ್ಕಪ್ಪಂದಿರೂ "ಇವನು ಯಾರ ಮಗ?" ಎಂದು ಕೇಳುತ್ತಾರಲ್ಲ, ಹಾಗೆ.

ಯಾಕೋಬ ಅವರನ್ನು ಹತ್ತಿರ ಕರೆದು ಮುತ್ತು ಕೊಟ್ಟು, ನನ್ನ ರೂಬೇನ ಸಿಮೆಯೋನರ ಹಾಗೆ ಇವರೂ ನನ್ನ ಮಕ್ಕಳೇ ಅನ್ನುತ್ತಾನೆ. ಹರಸುವಾಗ ಕೈ ಅಡ್ಡ ಮಾಡಿ ಬಲಗೈಯನ್ನು ಕಿರಿಯವನ ತಲೆ ಮೇಲಿಡುತ್ತಾನೆ. ಬಲಗೈ ಹಿರಿಯವನಿಗೆ ಸಲ್ಲಬೇಕಲ್ಲ ಎಂದು ಯೋಸೇಫನಿಗೆ ಇರುಸುಮುರುಸು, ಕೈ ಎತ್ತಿ ಸರಿಮಾಡಲು ಹೋಗುತ್ತಾನೆ. "ಗೊತ್ತು ಮಗನೇ, ನನಗೆ ಗೊತ್ತು" ಅನ್ನುತ್ತಾನೆ ತಾತ. ಇಲ್ಲೂ ಕಿರಿಯವನಿಗೇ ಮೇಲುಗೈ, ಆದರೆ ಎಲ್ಲವೂ ಎದುರಾಎದುರೇ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು. ಹಿರಿಯವನು ಅತ್ತದ್ದಾಗಲಿ, ಅಣ್ಣತಮ್ಮ ಮುನಿಸಿಕೊಂಡದ್ದಾಗಲಿ ಎಲ್ಲೂ ಬರೆದಿಲ್ಲ. ಅಣ್ಣ ಕಾಯಿನ ತಮ್ಮ ಹೇಬೆಲನನ್ನು ಕೊಂದಲ್ಲಿಂದ ಹಿಡಿದು ಅಲ್ಲಿಯ ತನಕ ಆ ಪುಸ್ತಕದಲ್ಲಿ ಇದು ದೊಡ್ಡ ವಿಷಯವೇ. ಅದಕ್ಕೇ ಈ ಹೆಸರುಗಳು ಎಂದು ಯೆಹೂದಿ ಪಂಡಿತರಲ್ಲಿ ಹಲವರು ಹೇಳುತ್ತಾರೆ. ಪರದೇಶದಲ್ಲಿ ಬೆಳೆದೂ ತಮ್ಮವರಾಗಿ ಉಳಿದರು ಅನ್ನುವ ವಿವರಣೆಯೂ ಇದೆ. ನನಗೆ ಹತ್ತಿರವಾದದ್ದು ಇದು.

ಇನ್ನೊಂದು ಮಾತು. ಮುಂದಿನ ಅಧ್ಯಾಯದಲ್ಲಿ ಯಾಕೋಬ ತನ್ನ ಹನ್ನೆರಡು ಗಂಡುಮಕ್ಕಳನ್ನೂ ಸೇರಿಸಿ ಒಬ್ಬೊಬ್ಬನಿಗೂ ಬೇರೆ ಬೇರೆ ಮಾತು ಹೇಳುತ್ತಾನೆ. ರೂಬೇನನಿಗೆ ನೀನು ನೀರಿನ ಹಾಗೆ, ನಿಲ್ಲುವವನಲ್ಲ ಎಂದು ಮುಖಕ್ಕೇ ಹೇಳುತ್ತಾನೆ. ಸಿಮೆಯೋನ ಲೇವಿಯರ ಕೋಪಕ್ಕೆ ಶಾಪ ಹಾಕುತ್ತಾನೆ. ನಮ್ಮಲ್ಲಿ ಗಾಂಧಾರಿ ಇದ್ದಾಳಲ್ಲ, ದುರ್ಯೋಧನ ಗೆಲುವಿಗಾಗಿ ಹರಸು ಎಂದಾಗ "ಧರ್ಮ ಎಲ್ಲಿದೆಯೋ ಅಲ್ಲಿ ಜಯ" ಅಂದವಳು. ಇಂಥ ಆಶೀರ್ವಾದಕ್ಕೆ ಧೈರ್ಯ ಬೇಕು, ಮಗುವನ್ನು ಸರಿಯಾಗಿ ನೋಡಿರಲೂ ಬೇಕು. "ಚೆನ್ನಾಗಿರಪ್ಪ" ಎಂದು ಎಲ್ಲರಿಗೂ ಒಂದೇ ಮಾತು ಹೇಳಿ ಟಿವಿ ಕಡೆ ತಿರುಗುವುದು ಸುಲಭ. ಸಾಯುವ ಹೊತ್ತಿಗೆ ಮುಖದ ಮೇಲೆ ಹೇಳುವುದು ಸ್ವಲ್ಪ ಜಾಸ್ತಿಯಾಯಿತು ಅಂತಲೂ ನನಗೆ ಅನ್ನಿಸುತ್ತದೆ, ಅದು ಬೇರೆ ವಿಷಯ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಎರಡೂ ಕಡೆ ತಕರಾರು ಇದೆ. ಯಾಕೋಬನಿಗೆ ದೀನಾ ಎಂಬ ಮಗಳಿದ್ದಳು, ಆ ಕೊನೆಯ ಆಶೀರ್ವಾದದಲ್ಲಿ ಅವಳ ಹೆಸರೇ ಇಲ್ಲ. ಶುಕ್ರವಾರದ ಪದ್ಧತಿಯಲ್ಲಾದರೂ ಹುಡುಗಿಗೆ ನಾಲ್ಕು ಹೆಂಗಸರ ಹೆಸರು ಸಿಗುತ್ತದೆ. ನಾವು ಹುಡುಗಿಗೆ ಏನು ಹೇಳುತ್ತೇವೆ? "ದೀರ್ಘಸುಮಂಗಲೀ ಭವ." ಅಂದರೆ ಇನ್ನೂ ಸಿಗದ ಗಂಡನಿಗೆ ಆಯುಷ್ಯ! ಎದುರಿಗೆ ನಿಂತ ಹುಡುಗಿಗೆ ಏನೂ ಇಲ್ಲ. ಇದನ್ನು ಬಿಡೋಣ ಎಂದರೆ ನಮ್ಮ ಅಕ್ಕನೇ ನನ್ನನ್ನು ಗುರಾಯಿಸುತ್ತಾಳೆ.

ನಾನು ಹೇಳುತ್ತಿರುವುದು ಇಷ್ಟೇ. ಶುಕ್ರವಾರವೇ ಬೇಕಿಲ್ಲ, ಹೀಬ್ರೂವೂ ಬೇಕಿಲ್ಲ. ಮಗು ಬಂದು ಕಾಲಿಗೆ ಬೀಳಲಿ ಎಂದು ಕಾಯದೆ ನಾವೇ ಎದ್ದು ಹೋಗಿ, ವಾರಕ್ಕೊಮ್ಮೆ, ಮಾರ್ಕ್ಸು ಎಷ್ಟೇ ಬಂದಿರಲಿ, ನಾಲ್ಕು ಒಳ್ಳೆ ಮಾತು ಹೇಳಬಹುದಲ್ವಾ? ಇಷ್ಟಕ್ಕೂ ಅಭ್ಯಾಸ ಬೇಕು. ಒಂದು ಸಂಜೆ ಸುಮ್ನೆ ಮಗಳ ತಲೆ ಮೇಲೆ ಕೈಯಿಟ್ಟೆ. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ "ಜ್ವರ ಇಲ್ಲ ಅಪ್ಪ" ಅಂದಳು.