ಕಾರಿನ ಪಕ್ಕದ ಗಾಜಿಗೆ ಕೂಲಿಂಗ್ ಫಿಲ್ಮ್: ಬೇಕಾ, ಬೇಡ್ವಾ?

ಪರ: ಬಿಸಿಲು ಬೀಳೋದು ನನ್ನ ಬಲಗೆನ್ನೆಗೆ

ವಾರಕ್ಕೆ ಎರಡು ಸಲ ನಾನು ಮೈಸೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಅದೇ ದಿನ ವಾಪಸ್ ಬರುತ್ತೇನೆ. ಈ ದಾರಿಯ ಕಿತಾಪತಿ ಅರ್ಥ ಆಗಲು ನನಗೆ ಆರು ತಿಂಗಳು ಬೇಕಾಯಿತು. ಮೈಸೂರಿಗೆ ಬೆಂಗಳೂರು ಈಶಾನ್ಯದಲ್ಲಿದೆ. ಬೆಳಿಗ್ಗೆ ಹೊರಟರೆ ಸೂರ್ಯ ಪೂರ್ವದಲ್ಲಿ, ಅಂದರೆ ನನ್ನ ಬಲಕ್ಕೆ. ಸಂಜೆ ಕಾರಿನ ಮೂತಿ ನೈಋತ್ಯಕ್ಕೆ ತಿರುಗುವಷ್ಟರಲ್ಲಿ ಸೂರ್ಯ ಪಶ್ಚಿಮಕ್ಕೆ ಹೋಗಿ ಕೂತಿರುತ್ತಾನೆ, ಮತ್ತೆ ನನ್ನ ಬಲಕ್ಕೇ! ನಮ್ಮಲ್ಲಿ ಸ್ಟೀರಿಂಗ್ ಇರುವುದೂ ಬಲಕ್ಕೆ. ಡಿಸೆಂಬರ್‌ನಲ್ಲಿ ಬೆಳಗಿನ ಕಾಟ ಜಾಸ್ತಿ, ಮೇನಲ್ಲಿ ಸಂಜೆಯದು ಜಾಸ್ತಿ, ಅಷ್ಟೇ ವ್ಯತ್ಯಾಸ. ಜೊತೆಗೆ ಹೆಂಡತಿ ಬಂದರೆ ಎಡಗಡೆ ಕೂತು ಎರಡೂ ಹೊತ್ತು ನೆರಳಲ್ಲಿ ನಿದ್ದೆ ಮಾಡುತ್ತಾಳೆ.

ಸನ್ ವೈಸರ್ ಇದೆಯಲ್ಲ, ಅದನ್ನೇ ಪಕ್ಕಕ್ಕೆ ತಿರುಗಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ತಿರುಗಿಸಿ ನೋಡಿದ್ದೇನೆ ಸ್ವಾಮಿ. ಅದು ಕಿಟಕಿಯ ಮೇಲಿನ ಒಂದು ಗೇಣು ಮುಚ್ಚುತ್ತದೆ, ಎಳೆ ಬಿಸಿಲು ಬರುವುದು ಅದರ ಕೆಳಗಿನಿಂದ.

ಕಳೆದ ಚಳಿಗಾಲದಲ್ಲಿ ಮಂಡ್ಯ ದಾಟಿದ್ದೆ, ಏಳೂವರೆ ಆಗಿರಬಹುದು. ಮುಂದಿನ ಲಾರಿಯನ್ನು ದಾಟೋಣ ಎಂದು ಬಲಗನ್ನಡಿ ನೋಡಲು ತಿರುಗಿದೆ. ಕನ್ನಡಿ ಇರುವ ದಿಕ್ಕಿನಲ್ಲೇ ಸರಿಯಾಗಿ ಸೂರ್ಯ. ಕಣ್ಣು ಕುಕ್ಕಿ, ಕಣ್ಣೊಳಗೆ ಹಸಿರು ಚುಕ್ಕೆ ಕುಣಿಯಲು ಶುರುವಾಯಿತು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ, ಏನೂ ಕಾಣದಿದ್ದುದನ್ನೇ ಯಾರೂ ಇಲ್ಲ ಎಂದುಕೊಂಡು ಸ್ಟೀರಿಂಗ್ ಎಳೆದುಬಿಟ್ಟೆ. ಹಿಂದಿನಿಂದ ಬಂದ ಬಿಳಿ ಕಾರಿನವನು ಹಾರ್ನ್ ಹೊಡೆದ ಪರಿ ಇನ್ನೂ ಕಿವಿಯಲ್ಲಿದೆ, ಅವನು ಡಿವೈಡರ್ ಕಡೆ ಸರಿದು ಹೇಗೋ ಪಾರಾದ, ನಾನೂ ಪಾರಾದೆ. ಬಿಡದಿಗೆ ಬಂದು ತಟ್ಟೆ ಇಡ್ಲಿ ಮುಂದಿಟ್ಟುಕೊಂಡರೂ ಕೈ ನಡುಗುತ್ತಿತ್ತು. ಚಟ್ನಿ ಅಂಗಿ ಮೇಲೆ.

ಆ ಶನಿವಾರವೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ನಾಲ್ಕೂ ಬಾಗಿಲ ಗಾಜಿಗೆ ತಿಳಿ ಫಿಲ್ಮ್ ಹಾಕಿಸಿದೆ. ಕಪ್ಪು ಅಲ್ಲ, ಹೊರಗಿನಿಂದ ನನ್ನ ಮುಖ ಚೆನ್ನಾಗಿಯೇ ಕಾಣುತ್ತದೆ. ಅವತ್ತಿನಿಂದ ಕನ್ನಡಿ ನೋಡುವಾಗ ಆ ಚುಚ್ಚು ಇಲ್ಲ, ಬಲಗೈ ಸುಡುವುದಿಲ್ಲ, ಎಸಿಯನ್ನು ಎರಡು ಪಾಯಿಂಟ್ ಕಮ್ಮಿ ಇಟ್ಟರೂ ಸಾಕು.

ಚರ್ಮದ ವಿಷಯವನ್ನು ಯಾರೂ ಎತ್ತುವುದೇ ಇಲ್ಲ. ಮುಂದಿನ ಗಾಜು ಎರಡು ಹಾಳೆ ಸೇರಿಸಿದ ಲ್ಯಾಮಿನೇಟೆಡ್ ಗಾಜು, ನಡುವಿನ ಪ್ಲಾಸ್ಟಿಕ್ ಪದರ ಬಿಸಿಲಿನ ಯುವಿ (ನೇರಳಾತೀತ) ಕಿರಣವನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಪಕ್ಕದ್ದು ಸಾಮಾನ್ಯವಾಗಿ ಬರೀ ಟೆಂಪರ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿಮಾಡಿದ ಒಂಟಿ ಹಾಳೆ. ಅದು ಯುವಿಯಲ್ಲೇ ಚರ್ಮವನ್ನು ಮುದಿ ಮಾಡುವ ಯುವಿ-ಎ ಕಿರಣವನ್ನು ಒಳಗೆ ಬಿಡುತ್ತದೆ. 28 ವರ್ಷ ಲಾರಿ ಓಡಿಸಿದ 69 ವರ್ಷದ ಅಮೆರಿಕದ ಚಾಲಕನೊಬ್ಬನ ಫೋಟೋ 2012ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅಲ್ಲಿ ಕಿಟಕಿ ಎಡಕ್ಕೆ, ಹಾಗಾಗಿ ಮುಖದ ಎಡಭಾಗ ಮಾತ್ರ ಮುದಿಯಾಗಿ ಜೋತುಬಿದ್ದಿದೆ, ಬಲಭಾಗ ಎಷ್ಟೋ ವಾಸಿ. ನಾನು ಕನ್ನಡಿ ಮುಂದೆ ನಿಂತು ನನ್ನ ಎರಡೂ ಕೆನ್ನೆ ಹೋಲಿಸಿ ನೋಡಿಕೊಂಡೆ. ನೀವೂ ನೋಡಿಕೊಳ್ಳುತ್ತೀರಿ ಬಿಡಿ.

ಇನ್ನು ಕಾನೂನು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ನಿಷೇಧಿಸಿದ್ದು ನಿಜ. ಆದರೆ 2021ರ ಏಪ್ರಿಲ್ 1ರಿಂದ ನಿಯಮವೇ ಬದಲಾಗಿದೆ, ಸೇಫ್ಟಿ ಗ್ಲೇಜಿಂಗ್‌ಗೆ, ಅಂದರೆ ಒಳಮೈಗೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದ ಗಾಜಿಗೂ, ಒಪ್ಪಿಗೆ ಸಿಕ್ಕಿದೆ. ಮುಂದೆ ಹಿಂದೆ ಶೇ. 70, ಪಕ್ಕದಲ್ಲಿ ಶೇ. 50 ಬೆಳಕು ಒಳಬಂದರೆ ಆಯಿತು. ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಆದರೂ ಫಿಲ್ಮ್ ಅಂದಕೂಡಲೇ ನಮ್ಮ ಜನಕ್ಕೆ ಸಿನಿಮಾ ರೌಡಿಯ ಕಪ್ಪು ಜೀಪೇ ಕಣ್ಣಿಗೆ ಬರುತ್ತದೆ. ರಾತ್ರಿ ಕಾಣಲ್ಲ ಅನ್ನುವವರು ಮೊದಲು ಎದುರಿಗೆ ಹೈ ಬೀಮ್ ಹಾಕಿಕೊಂಡು ಬರುವುದನ್ನು ನಿಲ್ಲಿಸಲಿ, ಆಮೇಲೆ ನನ್ನ ಗಾಜಿನ ಮಾತು.

ವಿರೋಧ: ಸರಿ, ಬರೆಯುತ್ತೇನೆ

ನನ್ನ ಪಾಲಿಗೆ ವಿರೋಧ ಬಂದಿದೆ. ಮೊದಲೇ ಹೇಳಿಬಿಡ್ತೀನಿ, ನನ್ನ ಕಾರಿನ ಹಿಂದಿನ ಕಿಟಕಿಗೂ ಮಗಳಿಗಾಗಿ ಅಂಟಿಸಿದ ಜಿರಾಫೆ ಚಿತ್ರದ ಜಾಲರಿ ಇದೆ. 2012ರ ಆದೇಶ ಫಿಲ್ಮ್ ಜೊತೆಗೆ ‘ಬೇರೆ ಯಾವುದೇ ವಸ್ತು’ವನ್ನೂ ಗಾಜಿಗೆ ಅಂಟಿಸಬೇಡಿ ಎಂದಿದೆ, ಹಾಗೆ ನೋಡಿದರೆ ಜಿರಾಫೆಯೂ ತಪ್ಪಿತಸ್ಥನೇ.

ಮೊದಲು ಲೆಕ್ಕ. ಅಂಗಡಿಯವನು ‘ಇದು 70ರ ಫಿಲ್ಮ್ ಸಾರ್, ಏನೂ ಆಗಲ್ಲ’ ಅನ್ನುತ್ತಾನೆ, ಅಂದರೆ ಶೇ. 70 ಬೆಳಕು ಬಿಡುವ ಫಿಲ್ಮ್. ಆದರೆ ಕಂಪನಿ ಗಾಜು ಮೊದಲೇ ಸ್ವಲ್ಪ ಬೆಳಕು ತಿಂದಿರುತ್ತದೆ. ಗಾಜು ಶೇ. 70 ಬಿಟ್ಟು, ಅದರ ಮೇಲೆ 70ರ ಫಿಲ್ಮ್ ಬಂದರೆ ಒಳಗೆ ಬರುವುದು 49. ಒಂದು ಅಂಶಕ್ಕೆ ಫೇಲ್! 50ರ ಫಿಲ್ಮ್ ಹಾಕಿಸಿದವರ ಕಥೆ 35. ಹಾಕಿಸುವಾಗ ಯಾರು ಮೀಟರ್ ಹಿಡಿದು ನೋಡುತ್ತಾರೆ? ಸಿಕ್ಕಿಬಿದ್ದರೆ ಮೊದಲ ಸಲ 500 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕರೆ 1,500ರವರೆಗೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಪೊಲೀಸರಿಗೆ ಕೇರಳದ ತೀರ್ಪು ಓದಿ ಹೇಳುವಷ್ಟು ಪುರುಸೊತ್ತು ನನಗಂತೂ ಇಲ್ಲ.

ಎರಡನೆಯದು, ಕಾನೂನಿನೊಳಗೆ ಇರುವ ತಿಳಿ ಫಿಲ್ಮ್ ನೇರ ಬಿಸಿಲಿಗೆ ಏನೂ ಸಾಲದು. ಸೂರ್ಯನನ್ನು ಅರ್ಧ ಮಾಡಿದರೂ ಸೂರ್ಯನೇ. ಕಣ್ಣಿಗೆ ನಿಜವಾಗಿ ತಂಪಾಗಬೇಕಾದರೆ ಕಡು ಬಣ್ಣ ಬೇಕು, ಕಡು ಬಣ್ಣ ಬಂದರೆ ರಾತ್ರಿ ಕಷ್ಟ.

ರಾತ್ರಿಯ ಕಷ್ಟ ನನಗೆ ಗೊತ್ತು. ಒಮ್ಮೆ ಮಳೆಯಲ್ಲಿ ಭಾವನ ಫಿಲ್ಮ್ ಹಾಕಿಸಿದ ಕಾರನ್ನು ನಮ್ಮ ಬೀದಿಯಲ್ಲಿ ರಿವರ್ಸ್ ತೆಗೆದೆ. ಗಾಜಿನ ಮೇಲೆ ಹನಿ, ಗಾಜಿನ ಒಳಗೆ ಕತ್ತಲು, ಕನ್ನಡಿಯಲ್ಲಿ ಬರೀ ಬೀದಿದೀಪದ ಹಳದಿ ಮುದ್ದೆ. ಪಕ್ಕದ ಮನೆಯವರ ತುಳಸಿಕಟ್ಟೆಯ ಮೂಲೆ ಹೋಯಿತು. ಕಟ್ಟೆ ಸರಿಮಾಡಿಸಿಕೊಟ್ಟೆ, ಆದರೆ ಆ ಅಜ್ಜಿ ಇವತ್ತಿಗೂ ನನ್ನ ಕಾರಿನ ಸದ್ದು ಕೇಳಿದರೆ ಹೊರಗೆ ಬಂದು ನಿಲ್ಲುತ್ತಾರೆ. ಕಟ್ಟೆಯ ಜಾಗದಲ್ಲಿ ಮಗು ಇದ್ದಿದ್ದರೆ ಎಂದು ಬರೆಯಬೇಕು, ಬರೆದಿದ್ದೇನೆ.

ಹಾಗಾದರೆ ಬಿಸಿಲಿಗೆ ಏನು ಮಾಡೋದು? ಗಾಜಿನ ಒಳಮೈ ಒರೆಸಿ, ಅಲ್ಲಿ ಕೂತ ಎಣ್ಣೆ ಜಿಡ್ಡೂ ಬೆಳಕನ್ನು ಚೆಲ್ಲಾಡಿಸುತ್ತದೆ. ತುಂಬುತೋಳಿನ ಅಂಗಿ ಹಾಕಿ. ಪೋಲರೈಸ್ಡ್ ಕನ್ನಡಕ ಬಾನೆಟ್ ಮೇಲಿನ ಹೊಳಪಿಗೆ ಒಳ್ಳೆಯದು, ಡ್ಯಾಶ್‌ಬೋರ್ಡಿನ ಕೆಲವು ಪರದೆ ಮಾತ್ರ ಕಪ್ಪಾಗಿ ಕಾಣುತ್ತದೆ. ಬಿಸಿಲಿಗೆ ತಾನೇ ಕಪ್ಪಾಗುವ ಕನ್ನಡಕವನ್ನು ಈ ಕೆಲಸಕ್ಕೆಂದು ಕೊಳ್ಳಬೇಡಿ, ಅದು ಕಪ್ಪಾಗಲು ಯುವಿ ಬೇಕು, ಮುಂದಿನ ಗಾಜು ಅದನ್ನು ತಡೆದಿರುತ್ತದೆ. ನಾನು ಒಂದು ಕೊಂಡಿದ್ದೇನೆ, ಕಾರಿನಿಂದ ಇಳಿದ ಮೇಲೆ ಕಪ್ಪಾಗುತ್ತದೆ.

ಮೈಸೂರು ದಾರಿಯ ಬಲಗಡೆ ಬಿಸಿಲಿನ ಲೆಕ್ಕ ಸರಿಯಾಗಿಯೇ ಇದೆ, ನಾನೂ ಮ್ಯಾಪ್ ತೆಗೆದು ನೋಡಿದೆ. ಅವರು ರೈಲಿನಲ್ಲಿ ಹೋಗಬಹುದಲ್ಲ. ಜಾಲರಿಯನ್ನಂತೂ ಈ ಭಾನುವಾರ ತೆಗೆಯಬೇಕು ಅಂದುಕೊಂಡಿದ್ದೇನೆ, ಮಗಳು ನಿದ್ದೆಯಲ್ಲಿದ್ದಾಗ.